ತಿದ್ದಿ ಕೇಳಿದ ಹರಕೆ

ನೆನೆಸಿದ ಅವರೆಕಾಳನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಹದವಾಗಿ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಚಂಗನೆ ಪಾತ್ರೆಗೆ ಹಾರುತ್ತದೆ. ಒತ್ತಿದ್ದು ಜಾಸ್ತಿಯಾದರೆ ನುಚ್ಚಾಗುತ್ತದೆ. ಕಡಿಮೆಯಾದರೆ ಕಾಳು ಕಾಳಾಗಿಯೇ ಜಾರಿ ಎದುರಿಗೆ ಕೂತವರ ಮೂಗಿಗೆ ಬಡಿಯುತ್ತದೆ. ಚಳಿಗಾಲದಲ್ಲಿ ನೀವು ನಮ್ಮ ತೊಂಡೇಬಾವಿಯ ಕಡೆ ಬಂದರೆ ನೋಡಬಹುದು, ಮಧ್ಯಾಹ್ನದ ಪಾತ್ರೆ ತೊಳೆದಿಟ್ಟ ಮೇಲೆ ಹೆಂಗಸರೆಲ್ಲ ಯಾರಾದರೊಬ್ಬರ ಜಗಲಿಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು, ನಡುವೆ ಕಾಳಿನ ಬೋಗುಣಿ ಇಟ್ಟುಕೊಂಡು, ಹಿತಕಿದ ಬೇಳೆಯ ಸಾರಿಗೆಂದು ಕಾಳು ಹಿಸುಕುತ್ತಾ ಕೂತಿರುತ್ತೇವೆ.

ಈ ಕೆಲಸಕ್ಕೊಂದು ಗುಣವಿದೆ. ಕಣ್ಣು ಕಾಳಿನ ಮೇಲೇ ಇರಬೇಕಾದ್ದರಿಂದ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಮುಖ ನೋಡದಿದ್ದರೆ, ನಿಮಗೂ ಗೊತ್ತಿರುತ್ತದೆ, ಎಷ್ಟೋ ಮಾತು ಸಲೀಸಾಗಿ ಹೊರಗೆ ಬರುತ್ತದೆ. ಉಳಿಯದ ಬಸುರಿನ ಮಾತು, ಕುಡಿದು ಬರುವ ಗಂಡನ ಮಾತು, ತವರಿನವರು ಕರೆಯಲಿಲ್ಲವೆಂಬ ಕೊರಗು, ಎಲ್ಲವನ್ನೂ ನಾನು ಈ ಬೋಗುಣಿಯ ಸುತ್ತಲೇ ಕೇಳಿದ್ದೇನೆ, ಹೇಳಿಯೂ ಇದ್ದೇನೆ. ಎದುರುಮನೆಯ ಅಶ್ವತ್ಥಮ್ಮ ಇದಕ್ಕೊಂದು ಕಾನೂನು ಮಾಡಿಟ್ಟಿದ್ದಾರೆ: ಇಲ್ಲಿ ಆಡಿದ ಮಾತು ಸಿಪ್ಪೆಯ ಜೊತೆ ಹಸುವಿಗೆ ಹೋಗಬೇಕು, ಬೇಳೆಯ ಜೊತೆ ಮನೆಗಳಿಗೆ ಹೋಗಬಾರದು.

ನನ್ನ ಮಗ ನಂದೀಶ ಕಾಲು ಬಂದಾಗಿನಿಂದ ಈ ವೃತ್ತದಲ್ಲಿ ಕೂತು ಬೆಳೆದವನು. ಅವನ ಬೆರಳಿನ ಚುರುಕು ನಮಗ್ಯಾರಿಗೂ ಇಲ್ಲ.

"ಏಮಪ್ಪಾ ನಂದೀಶ, ನಿನ್ ಕೈ ನೋಡಿ ನಮ್ ಸೊಸೆ ನಾಚ್ಕೋಬೇಕು ಕಣೋ" ಎಂದು ಅಶ್ವತ್ಥಮ್ಮ ಛೇಡಿಸಿದರೆ, "ನಿಮ್ ಸೊಸೆ ಕಾಳಿಗಿಂತ ಮಾತೇ ಜಾಸ್ತಿ ಹಿಸುಕ್ತಾರೆ ಅಜ್ಜಿ" ಎಂದು ಅವನು ತಲೆಯೆತ್ತದೆ ಉತ್ತರ ಕೊಡುತ್ತಿದ್ದ. ಆ ಸೊಸೆಯೇ ಮೊದಲು ನಗುತ್ತಿದ್ದಳು.

ನನಗೊಂದು ಅಭ್ಯಾಸವಿದೆ. ಸಂಜೆ ದೀಪ ಹಚ್ಚಿ ಕೈಮುಗಿದಾಗ ನಾನು ದೇವರಲ್ಲಿ ಏನನ್ನಾದರೂ ಬೇಡುವುದಕ್ಕೆ ಮುಂಚೆ ಅವನು ಅಂದು ಕೊಟ್ಟದ್ದನ್ನು ಒಪ್ಪಿಸುತ್ತೇನೆ. ಹಾಲು ಒಡೆಯಲಿಲ್ಲ, ಸ್ವಾಮಿ. ಕುಡುಮಲಕುಂಟೆಯ ಕಾರ್ಖಾನೆಯಿಂದ ಯಜಮಾನರು ಕೈಕಾಲು ನೆಟ್ಟಗಿಟ್ಟುಕೊಂಡು ಮನೆಗೆ ಬಂದರು. ಮಗ ಉಂಡ. ಕೊಟ್ಟದ್ದನ್ನು ಒಪ್ಪಿಕೊಳ್ಳದೆ ಇನ್ನಷ್ಟು ಕೇಳುವುದು ಮರ್ಯಾದೆಯಲ್ಲ ಎಂದು ನನ್ನ ತಾಯಿ ಕಲಿಸಿದ್ದು. ಆದರೆ ಹೋದ ಚಳಿಗಾಲ, ಮಗ ಉಂಡ ಎಂಬ ಆ ಮೂರನೆಯ ಮಾತು ಬಾಯಿಗೆ ಬರುವುದು ನಿಂತುಹೋಯಿತು.

ಅವನು ಪಿಯುಸಿ ಮೊದಲ ವರ್ಷಕ್ಕೆ ಗೌರಿಬಿದನೂರಿಗೆ ರೈಲಿನಲ್ಲಿ ಹೋಗಿಬರುತ್ತಿದ್ದ. ದನದ ಡಾಕ್ಟರಾಗಬೇಕೆಂಬುದು ಅವನ ಚಿಕ್ಕಂದಿನ ಆಸೆ. ಅಶ್ವತ್ಥಮ್ಮನ ಹಸು ಈದಾಗಲೆಲ್ಲ ಶಾಲೆ ಬಿಟ್ಟು ಅಲ್ಲೇ ನಿಂತಿರುತ್ತಿದ್ದವನು. ದೀಪಾವಳಿ ಕಳೆದ ಮೇಲೆ ಅವನ ದನಿ ತಗ್ಗಿತು. ಡಬ್ಬಿ ಕಟ್ಟಿಕೊಟ್ಟದ್ದು ಕಟ್ಟಿದಂತೆಯೇ ವಾಪಸು ಬರತೊಡಗಿತು. ಊರ ಹುಡುಗರೆಲ್ಲ ಹೋಗುವ ಮೊದಲ ರೈಲನ್ನು ಬೇಕೆಂದೇ ತಪ್ಪಿಸಿ, ಅದರ ನಂತರದ್ದಕ್ಕೆ ಹೋಗುತ್ತಿದ್ದ. ಮೊದಲ ತರಗತಿಗಳು ತಪ್ಪುತ್ತಿದ್ದವು. ಕೇಳಿದರೆ ಹೊಟ್ಟೆನೋವು. ಜಗಲಿಗೂ ಬರುವುದನ್ನು ಬಿಟ್ಟ.

ನಾನು ಮೊದಲು ದೃಷ್ಟಿಯೆಂದುಕೊಂಡೆ. ಉಪ್ಪು, ಒಣಮೆಣಸಿನಕಾಯಿ, ಪೊರಕೆಕಡ್ಡಿ ನಿವಾಳಿಸಿ ಒಲೆಗೆ ಹಾಕಿದೆ. ಘಾಟು ಬರದಿದ್ದರೆ ದೃಷ್ಟಿ ತಾಕಿದೆಯೆಂದು ಲೆಕ್ಕ. ನಮ್ಮ ಮನೆಯ ಘಾಟಿಗೆ ಬೀದಿಯ ನಾಯಿ ಕೂಡ ಸೀನಿತು. ದೃಷ್ಟಿಯಲ್ಲ ಎಂದಾಯಿತು. ಅದಾದ ವಾರದಲ್ಲೇ ಅವನು ಚಪ್ಪಲಿ ಬಿಡುತ್ತಾ, ಯಾರೋ ಮೂರನೆಯವರ ವಿಷಯ ಹೇಳುವವನ ಹಾಗೆ ಹೇಳಿದ: "ನಾನು ಕಾಲೇಜು ಬಿಡ್ತೀನಮ್ಮ. ಅಪ್ಪನ್ ಕಂಪನೀಲಿ ಹೆಲ್ಪರ್ ಕೆಲ್ಸ ಸಿಕ್ಕುತ್ತಾ ಕೇಳು."

ಕಾರ್ಖಾನೆಯ ಕೆಲಸ ಕೀಳೆಂದು ನಾನು ಹೇಳುವುದಿಲ್ಲ. ನಮ್ಮ ಮನೆಯ ಅನ್ನ ಅದು. ಆದರೆ ಓಡಿಹೋಗಿ ಸೇರಿಕೊಳ್ಳುವ ಜಾಗವಾಗಿ ಅದನ್ನು ನನ್ನ ಮಗ ನೋಡುತ್ತಿದ್ದಾನಲ್ಲ ಎಂದು ನೊಂದುಕೊಂಡೆ. ಮಾರನೆಯ ದಿನ ಊರಾಚೆಯ ನಾಗರಕಟ್ಟೆಗೆ ಹೋದೆ. ಅರಳಿಯ ಬುಡದಲ್ಲಿ ಕಲ್ಲು ನಾಗಪ್ಪಗಳ ಸಾಲು. ಹಾಲೆರೆದು, ಅರಿಸಿನ ಹಚ್ಚಿ, ಹರಕೆ ಕಟ್ಟಿಕೊಂಡೆ: ನನ್ನ ಮಗ ಎಲ್ಲರ ಹಾಗೆ ಆಗಲಿ, ಈ ಕಾಲ ಮುಗಿಯುವ ತನಕ ನಾನು ಅವರೆಯನ್ನು ಬಾಯಿಗಿಡುವುದಿಲ್ಲ.

ನೀವು ಬೇರೆ ಸೀಮೆಯವರಾದರೆ ನಗಬಹುದು. ನಮ್ಮ ಕಡೆಯವರಿಗೆ ಗೊತ್ತು ಇದರ ಕಷ್ಟ. ಆ ಕಾಲದಲ್ಲಿ ಉಪ್ಪಿಟ್ಟಿಗೆ ಅವರೆ, ರೊಟ್ಟಿಗೆ ಅವರೆ, ಸಾರಿಗೆ ಅವರೆ. ಸೊಗಡು ಬೀದಿಯನ್ನೇ ತುಂಬಿರುತ್ತದೆ. ಕೈಯಲ್ಲಿ ದಿನವೂ ಬೇಳೆ ಹಿಸುಕಿ, ಮನೆಮಂದಿಗೆಲ್ಲ ಸಾರು ಕುದಿಸಿ, ನಾನು ಮಾತ್ರ ಮುದ್ದೆಯನ್ನು ಉಪ್ಪಿನಕಾಯಿಯ ರಸದಲ್ಲಿ ಅದ್ದಿ ನುಂಗುತ್ತಿದ್ದೆ. ಬಾಯಲ್ಲಿ ನೀರು ಬಂದಾಗಲೆಲ್ಲ ದೇವರಿಗೆ ಅದು ತಲುಪುತ್ತಿದೆ ಎಂದುಕೊಳ್ಳುತ್ತಿದ್ದೆ.

ಇದನ್ನು ಕಂಡುಹಿಡಿದವನು ನಂದೀಶನೇ. ಯಜಮಾನರು ಎರಡನೆಯ ಪಾಳಿಗೆ ಹೋಗಿದ್ದ ಒಂದು ಸಂಜೆ, ಅಡುಗೆಮನೆಯಲ್ಲಿ ನಾವಿಬ್ಬರೇ ಊಟಕ್ಕೆ ಕೂತಿದ್ದೆವು.

"ಅಮ್ಮ, ನೀನ್ಯಾಕೆ ಸಾರು ಹಾಕ್ಕೊಳ್ತಿಲ್ಲ? ಮೊನ್ನೇನೂ ಹಾಕ್ಕೊಳ್ಳಿಲ್ಲ."

"ಹರಕೆ ಕಣಪ್ಪ."

"ಯಾರಿಗೆ?"

"ಇನ್ಯಾರಿಗೆ, ನಿಂಗೇ."

"ಏನಂತ ಕೇಳ್ಕೊಂಡೆ?"

"ನನ್ ಮಗ ಎಲ್ಲಾರ್ ಥರ ಆಗ್ಲಿ ಅಂತ."

ಅವನು ತಟ್ಟೆಯನ್ನೇ ನೋಡುತ್ತಿದ್ದ. ಮುದ್ದೆಯಲ್ಲಿ ಬೆರಳಿನಿಂದ ಗುಳಿ ಮಾಡಿದ, ಮುಚ್ಚಿದ, ಮತ್ತೆ ಮಾಡಿದ. ಆಮೇಲೆ ಸಾರಿನ ಪಾತ್ರೆಯನ್ನು ನನ್ನ ಕಡೆ ತಳ್ಳಿ, "ಆ ಹರಕೆ ತೀರಲ್ಲಮ್ಮ. ನೀನು ಸಾರು ಹಾಕ್ಕೊಂಡ್ ತಿನ್ನು" ಎಂದ.

ಮುಖ ನೋಡದೆ ಮಾತಾಡುವುದನ್ನು ಅವನು ಜಗಲಿಯಲ್ಲಿ ಕಲಿತಿದ್ದ. ಆ ಸಂಜೆ ನನಗೆ ಅದು ವರವಾಯಿತು. ನಾನೂ ಅವನ ಮುಖ ನೋಡಲಿಲ್ಲ; ನೋಡಿದ್ದರೆ ಅವನು ನಿಲ್ಲಿಸಿಬಿಡುತ್ತಿದ್ದನೇನೋ. ತನಗೆ ಹುಡುಗಿಯರ ಮೇಲೆ ಮನಸ್ಸು ಹೋಗುವುದಿಲ್ಲವೆಂದೂ ಹುಡುಗರ ಮೇಲೆ ಹೋಗುತ್ತದೆಂದೂ ಅದು ನಿನ್ನೆ ಮೊನ್ನೆಯದಲ್ಲವೆಂದೂ ಹೇಳಿದ. ನಂಬಿಕೆಯ ಗೆಳೆಯನೊಬ್ಬನಿಗೆ ಗುಟ್ಟಾಗಿ ಹೇಳಿಕೊಂಡಿದ್ದನಂತೆ. ಆ ಗೆಳೆಯ ಅದನ್ನು ರೈಲಿನ ಬೋಗಿಯಲ್ಲಿ ಎಲ್ಲರಿಗೂ ಹಂಚಿದ. ಅಂದಿನಿಂದ ಇವನು ಹತ್ತಿದರೆ ಹುಡುಗರು ಚಪ್ಪಾಳೆ ತಟ್ಟುವುದು. ಇವನ ಬ್ಯಾಗನ್ನು ಹಳಿಯ ಮೇಲೆ ಎಸೆಯುವುದು. ಡಬ್ಬಿ ಬಿಚ್ಚಿದರೆ ಎಂಜಲೆಂಬಂತೆ ಪಕ್ಕದವರೆಲ್ಲ ಎದ್ದುಹೋಗುವುದು. ಕ್ಲಾಸಿನಲ್ಲಿ ಹಾಜರಿ ಕೂಗುವಾಗ ಹಿಂದಿನ ಬೆಂಚಿನಿಂದ "ಒಂಬತ್ತು, ಒಂಬತ್ತು" ಎಂದು ಗುನುಗುವುದು.

"ಅವ್ರು ಹೇಳೋದ್ರಲ್ಲಿ ನಿಜಾನೂ ಇದೆಯಲ್ಲಮ್ಮ, ಅದಕ್ಕೇ ತಿರುಗಿಸಿ ಬಯ್ಯಕ್ಕಾಗಲ್ಲ. ಹೇಳೋ ರೀತಿ ಮಾತ್ರ ತಡ್ಕೊಳ್ಳಕ್ಕಾಗ್ತಿಲ್ಲ."

ನನ್ನ ಕೈಯಲ್ಲಿನ ತುತ್ತು ಒಣಗಿಹೋಗಿತ್ತು. ನಾನು "ಊಟ ಆಯ್ತಾ?" ಎಂದುಬಿಟ್ಟೆ. ಎದುರಿಗೇ ಕೂತು ಉಣ್ಣುತ್ತಿರುವ ಮಗನಿಗೆ! ಅವನಿಗೆ ನಗು ಬಂತು, ನಗುತ್ತಲೇ ಅಳು ಬಂತು. "ಅಪ್ಪಂಗೆ ಹೇಳ್ಬೇಡ" ಎಂದ. ನಾನು ಎಡಗೈಯಲ್ಲಿ ಅವನ ತಲೆ ಸವರಿದೆ. ಬಲಗೈ ಎಂಜಲಾಗಿತ್ತು.

ನಿಮ್ಮೆದುರು ಯಾಕೆ ಮುಚ್ಚಿಡಲಿ, ಆ ರಾತ್ರಿ ನನ್ನ ಮನಸ್ಸಿನಲ್ಲಿ ಓಡಿದ್ದೆಲ್ಲ ದೊಡ್ಡ ವಿಚಾರಗಳೇನಲ್ಲ. ನೆಂಟರು ಏನನ್ನುತ್ತಾರೆ ಎಂಬುದಿತ್ತು. ಸೊಸೆಗೆಂದು ಎತ್ತಿಟ್ಟ ನನ್ನ ಧಾರೆ ಸೀರೆ ಇತ್ತು. ಪತ್ರಿಕೆಯಲ್ಲಿ ಓದಿದ, ಟೀವಿಯಲ್ಲಿ ಕೇಳಿದ ಪದಗಳು ಇದ್ದವು. ಆದರೆ ಅವು ಯಾರದೋ ಮನೆಯ ಪದಗಳು, ನಮ್ಮ ಹೊಸಿಲು ದಾಟಿ ಎಂದೂ ಬಂದಿರಲಿಲ್ಲ. ಮತ್ತೆ ಮತ್ತೆ ಕಿವಿಯಲ್ಲಿ ಮೊಳಗುತ್ತಿದ್ದುದು ಆ ಒಂಬತ್ತು. ನವರಾತ್ರಿಯ ಒಂಬತ್ತು, ನವಗ್ರಹದ ಒಂಬತ್ತು, ನಾನು ಅವನನ್ನು ಹೊಟ್ಟೆಯಲ್ಲಿ ಹೊತ್ತ ತಿಂಗಳುಗಳ ಒಂಬತ್ತು. ಯಾರಿಗೂ ಏನೂ ಕೇಡು ಮಾಡದ ಅಂಕಿಯನ್ನು ಹಿಡಿದು ಆ ಹುಡುಗರು ಕಲ್ಲಿನ ಹಾಗೆ ಬೀಸುತ್ತಿದ್ದರು. ಅವರೂ ಯಾರೋ ತಾಯಂದಿರು ಡಬ್ಬಿ ಕಟ್ಟಿ ಕಳಿಸಿದ ಮಕ್ಕಳೇ.

ಬೆಳಗಾದಾಗ ಉಳಿದದ್ದು ಒಂದೇ ಪ್ರಶ್ನೆ, ಅದೂ ನನ್ನಂಥವಳಿಗೆ ಮಾತ್ರ ಹುಟ್ಟುವಂಥದು: ಕಟ್ಟಿಕೊಂಡ ಹರಕೆಯನ್ನು ಏನು ಮಾಡುವುದು? ಎಲ್ಲರ ಹಾಗೆ ಮಾಡು ಎಂದು ದೇವರ ಮುಂದೆ ಇಟ್ಟಾಗಿದೆ. ಅವನು ಅದನ್ನು ನಡೆಸಲು ಹೊರಟರೆ ನನ್ನ ಮಗನಲ್ಲಿ ಏನನ್ನು ಅಳಿಸಿ ಏನನ್ನು ಬರೆಯುತ್ತಾನೆ? ಹೆದರಿಕೆಯಾಯಿತು. ಕಟ್ಟೆಗೆ ಪೂಜೆ ಮಾಡುವ ಮುದುಕರು ಶಾಮಣ್ಣನವರ ಹತ್ತಿರ ಹೋದೆ.

"ಸ್ವಾಮೀ, ಹರಕೆ ಕಟ್ಕೊಂಡಾಗ ಕೇಳಿದ್ದೇ ತಪ್ಪಾಗಿದ್ರೆ?"

ಅವರು ಏನು ಕೇಳಿದ್ದೆ ಎಂದು ಕೆದಕಲಿಲ್ಲ. ಹೂವಿನ ಕಸ ಆರಿಸುತ್ತಲೇ ಹೇಳಿದರು: "ದೇವ್ರೇನು ಅಂಗಡೀನಾ ತಾಯಿ, ಒಮ್ಮೆ ಕೊಂಡಿದ್ದು ವಾಪಸ್ ತಗೊಳಲ್ಲ ಅನ್ನಕ್ಕೆ? ಕೇಳಿದ್ದನ್ನ ತಿದ್ದಿ ಕೇಳ್ಬೋದು. ಕೊಡ್ತೀನಿ ಅಂದಿದ್ದನ್ನ ಮಾತ್ರ ತಿದ್ದಂಗಿಲ್ಲ. ನೀವೇನು ಬಿಟ್ಟಿದೀರ?"

"ಅವರೆಕಾಯಿ."

"ಅಯ್ಯೋ ಪಾಪ" ಎಂದರು, ಮನಸಾರೆ.

ಕಲ್ಲುಗಳ ಮುಂದೆ ನಿಂತೆ. ಒಂದರ ಮೈಗೆ ಒಂದು ಸುತ್ತಿಕೊಂಡು, ಹೆಡೆಗೆ ಹೆಡೆ ಎದುರಾಗಿ ನಿಂತ ಜೋಡಿ ನಾಗರಗಳು. ಮದುವೆಯಾದ ಹೊಸತರಿಂದ ಹಾಲೆರೆಯುತ್ತಿದ್ದೇನೆ. ಇದರಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ನಾನು ಎಂದೂ ಕೇಳಿದವಳಲ್ಲ, ಯಾರೂ ನನಗೆ ಹೇಳಿದವರಲ್ಲ. ಎರೆದ ಹಾಲು ಎರಡರ ಮೇಲೂ ಹರಿಯುತ್ತಿತ್ತು. ಕೈಮುಗಿದು ತಿದ್ದಿ ಕೇಳಿದೆ: ಎಲ್ಲರ ಹಾಗೆ ಆಗಲಿ ಎಂದಿದ್ದೆ, ಅದು ಬೇಡ. ಎಲ್ಲರ ಜೊತೆ ಇರಲಿ. ಹೋಗಿಬರುವ ದಾರಿಯಲ್ಲಿ ಅವನ ಪಕ್ಕ ಒಬ್ಬರಾದರೂ ಕೂರಲಿ. ಅವರೆಯನ್ನು ಬಿಟ್ಟದ್ದು ಬಿಟ್ಟದ್ದೇ.

ಮನೆಗೆ ಬಂದು ಮಗನಿಗೆ ತಿದ್ದಿದ ಹರಕೆ ಹೇಳಿದೆ. ಅವನು "ಹಂಗಾದ್ರೆ ಬಯಾಲಜಿ ಮೇಡಂನ ಒಂದ್ಸಲ ನೋಡಣ, ನೀನೂ ಬಾ" ಎಂದ. ಆ ಮೇಡಂ ಕಾಲೇಜಿನಲ್ಲಿ ಜೊತೆಗಾರರ ಕೂಟವೆಂದು ಒಂದನ್ನು ಶುರುಮಾಡಿದ್ದರು. ಶನಿವಾರ ತರಗತಿ ಬಿಟ್ಟ ಮೇಲೆ ಲೈಬ್ರರಿಯಲ್ಲಿ ಮಕ್ಕಳು ಸೇರುತ್ತಾರೆ. ಯಾಕೆ ಬಂದೆ ಎಂದು ಯಾರನ್ನೂ ಕೇಳುವುದಿಲ್ಲ. ಯಾರೂ ಒಬ್ಬರೇ ಊಟ ಮಾಡುವಂತಿಲ್ಲ, ಒಬ್ಬರೇ ಸ್ಟೇಷನ್ನಿಗೆ ನಡೆಯುವಂತಿಲ್ಲ, ಒಳಗೆ ಆಡಿದ್ದನ್ನು ಹೊರಗೆ ಒಯ್ಯುವಂತಿಲ್ಲ. ಕೇಳುತ್ತಾ ನನಗೆ ಅಚ್ಚರಿಯಾಯಿತು. ಇದು ನಮ್ಮ ಜಗಲಿಯೇ, ಕುರ್ಚಿ ಹಾಕಿದೆ ಅಷ್ಟೆ.

"ಇದು ರೋಗ ಅಲ್ಲಮ್ಮ, ತಪ್ಪೂ ಅಲ್ಲ. ಕೋರ್ಟೇ ಹೇಳಿದೆ" ಎಂದು ಆ ಮೇಡಂ ನನ್ನ ಕೈ ಹಿಡಿದು ಹೇಳಿದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ನನಗೆ ಕೋರ್ಟಿಗಿಂತ ಆ ಕೈಯ ಬಿಸಿ ಹೆಚ್ಚು ತಿಳಿಯಿತು.

ಅಲ್ಲಿ ಶಬಾನಾ ಎಂಬ ಹುಡುಗಿ ಇವನ ಸ್ನೇಹಿತೆಯಾದಳು. ಮಾತು ತೊದಲುತ್ತಾಳೆಂದು ಅವಳನ್ನೂ ಕ್ಲಾಸಿನಲ್ಲಿ ಅಣಕಿಸುತ್ತಿದ್ದರಂತೆ. ಗೌರಿಬಿದನೂರಿನವಳೇ ಆದರೂ ಸಂಜೆ ರೈಲಿಗೆ ಹೋಗುವ ಕೂಟದ ಮಕ್ಕಳೊಡನೆ ಸ್ಟೇಷನ್ನಿನ ತನಕ ಬಂದು, ರೈಲು ಹೊರಡುವವರೆಗೆ ನಿಂತು, ಚಪ್ಪಾಳೆ ತಟ್ಟುವವರನ್ನು ದುರುಗುಟ್ಟಿ ನೋಡಿ ಹೋಗುತ್ತಿದ್ದಳು. "ಅವ್ಳು ಬಯ್ಯಕ್ ಶುರು ಮಾಡುದ್ರೆ ಮುಗಿಸೋ ಅಷ್ಟ್ರಲ್ಲಿ ನಮ್ಮೂರ್ ದಾಟಿ ಯಲಹಂಕ ಬರುತ್ತಮ್ಮ" ಎಂದು ನಂದೀಶ ನಗಾಡಿದ. ಹಾಗೆಂದು ಅವಳೇ ಹೇಳಿಕೊಂಡು ನಕ್ಕಳಂತೆ. ಡಬ್ಬಿ ಖಾಲಿಯಾಗಿ ಬರತೊಡಗಿತು. ಸಂಜೆಯ ದೀಪದ ಮುಂದೆ ಮೂರನೆಯ ಮಾತು ವಾಪಸು ಬಂತು.

ಆದರೆ ಒಳ್ಳೆಯದರ ಸುದ್ದಿಯೂ ಹರಡುತ್ತದೆ, ಹರಡುತ್ತಾ ಬೇರೆಯೇ ಆಗುತ್ತದೆ. ಕೂಟದ ಹೆಸರಿನಲ್ಲಿ ಮಕ್ಕಳಿಗೆ ಇಲ್ಲದ್ದನ್ನೆಲ್ಲ ಕಲಿಸುತ್ತಿದ್ದಾರೆಂದು ಕೆಲವು ಪೋಷಕರು ದೂರಿದರು. ಪ್ರಿನ್ಸಿಪಾಲರು ಎಲ್ಲ ಪೋಷಕರನ್ನೂ ಕರೆದರು. ಬೇಡವೆಂದರೆ ನಿಲ್ಲಿಸುವುದು ಎಂದು ಮಾತಾಯಿತು. ನಂದೀಶ ಅಂದು ಡಬ್ಬಿ ತೊಳೆಯುತ್ತಾ ಹೇಳಿದ, "ಕೂಟ ನಿಂತ್ರೆ ನಾನೂ ನಿಂತ್ಬಿಡ್ತೀನಮ್ಮ. ಮತ್ತೆ ಒಬ್ಬನೇ ಆ ರೈಲು ಹತ್ತಕ್ಕೆ ನನ್ ಕೈಲಾಗಲ್ಲ." ಹಟವಿರಲಿಲ್ಲ ಆ ದನಿಯಲ್ಲಿ. ದಣಿವಿತ್ತು. ಅದಕ್ಕೇ ನನಗೆ ನಂಬಿಕೆಯಾಯಿತು.

ಯಜಮಾನರಿಗೆ ನಾನು ಹೇಳಿದ್ದು ಇಷ್ಟೇ: ಮಗನಿಗೆ ಹುಡುಗರು ಕಾಟ ಕೊಡುತ್ತಿದ್ದಾರೆ, ಮೀಟಿಂಗಿಗೆ ಬನ್ನಿ. ಅವರು ಬೆಳಗಿನ ಪಾಳಿ ಮುಗಿಸಿ, ಬಟ್ಟೆ ಬದಲಾಯಿಸಲೂ ಹೊತ್ತಿಲ್ಲದೆ ಕಾರ್ಖಾನೆಯ ಅಂಗಿಯಲ್ಲೇ ನೇರವಾಗಿ ಕಾಲೇಜಿಗೆ ಬಂದರು. ಅವರು ಹೆಚ್ಚು ಮಾತಿನವರಲ್ಲ. ಕೊನೆಯ ಸಾಲಿನಲ್ಲಿ ನನ್ನ ಪಕ್ಕ ಕೂತರು.

ಗೊಬ್ಬರದ ಅಂಗಡಿಯವರೊಬ್ಬರು ಎದ್ದು, "ಮಕ್ಳನ್ನ ಓದಕ್ಕೆ ಕಳಿಸೋದು ಸಾರ್, ಗುಂಪು ಕಟ್ಟಕ್ಕಲ್ಲ. ಅದೇನೋ ಹುಡುಗ್ರು ಹುಡುಗ್ರು ಅಂತೆಲ್ಲ ಮಾತಾಡ್ತಾರಂತೆ. ನಮಗೆ ಅರ್ಥಾನೇ ಆಗ್ದಿರೋ ವಿಷ್ಯ ಇವಕ್ಕೆ ಯಾಕೆ?" ಎಂದರು. ಹಲವರು ತಲೆದೂಗಿದರು. ಕೆಟ್ಟ ಮನುಷ್ಯರೇನಲ್ಲ ಅವರು, ಅವರ ದನಿಯಲ್ಲಿದ್ದುದು ಹೆದರಿಕೆ. ನನಗೆ ಆ ಹೆದರಿಕೆಯ ಪರಿಚಯವಿತ್ತು.

ನಾನು ಎದ್ದೆ. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತೆಲ್ಲ ಹಾರಿಹೋಯಿತು. "ನಾವು ಹೆಂಗಸ್ರು ಜಗಲೀಲಿ ಅವರೆಕಾಯಿ ಹಾಕ್ಕೊಂಡ್ ಕೂತ್ಕೊಂತೀವಿ ಸಾರ್, ಕಷ್ಟಸುಖ ಮಾತಾಡ್ಕೊಂತೀವಿ. ಅದಕ್ಕೆ ಯಾರೂ ಮೀಟಿಂಗ್ ಕರೆಯಲ್ಲ. ಮಕ್ಳಿಗೂ ಅಂಥದ್ದೊಂದು ಜಾಗ..." ಎನ್ನುವಷ್ಟರಲ್ಲಿ ಯಾರೋ "ಕಾಲೇಜಲ್ಲಿ ಅವರೆಕಾಯಿ ಮೇಳ ಮಾಡಣ ಬಿಡಮ್ಮ" ಎಂದರು. ಸಭೆ ನಕ್ಕಿತು. ನಾನು ಕೂತುಬಿಟ್ಟೆ. ಮಗ ದಿನವೂ ಕೇಳುವ ನಗು ಇದರ ಎಷ್ಟು ಪಟ್ಟಿರಬಹುದು ಎಂದು ಯೋಚಿಸುತ್ತಾ ನೆಲ ನೋಡುತ್ತಿದ್ದಾಗ ಪಕ್ಕದ ಕುರ್ಚಿ ಕರ್ ಎಂದಿತು. ಯಜಮಾನರು ಎದ್ದು ನಿಂತಿದ್ದರು.

"ನಾನು ನಂದೀಶನ ಅಪ್ಪ. ನನ್ ಮಗ ಆ ಕೂಟದಲ್ಲಿದಾನೆ" ಎಂದರು. ಮುಂದಿನ ಸಾಲುಗಳವರು ತಿರುಗಿ ನೋಡಿದರು. ಹೆಸರು ಹಲವರಿಗೆ ಗೊತ್ತಿತ್ತು. ಅವರು ಗೊಬ್ಬರದ ಅಂಗಡಿಯವರ ಕಡೆ ತಿರುಗಿ, ಜಗಳದ ದನಿಯಲ್ಲಲ್ಲ, ದಾರಿ ಕೇಳುವವರ ಹಾಗೆ ಕೇಳಿದರು: "ನಂಗೂ ಪೂರ್ತಿ ಅರ್ಥ ಆಗಿಲ್ಲ ಸ್ವಾಮಿ. ನಮಗೆ ಅರ್ಥ ಆಗೋ ತನಕ ಮಕ್ಳು ಮನೇಲಿ ಕೂತ್ಕೋಬೇಕಾ?"

ಆಟೋ ಓಡಿಸುವ ಶಬಾನಾಳ ತಂದೆ ಕೈ ಎತ್ತಿ, "ನಮ್ ಮಗ್ಳೂ ಇದಾಳೆ ಸಾರ್, ಇರ್ಲಿ" ಎಂದರು. ಮುಂದಿನ ಸಾಲಿನಿಂದ ಒಂದು ಬಳೆಯ ಕೈ ಮೇಲೆದ್ದಿತು. ಆಮೇಲೆ ಅಲ್ಲೊಂದು, ಇಲ್ಲೊಂದು. ಎಲ್ಲ ಕೈಗಳೂ ಏಳಲಿಲ್ಲ. ಗೊಬ್ಬರದ ಅಂಗಡಿಯವರದೂ ಏಳಲಿಲ್ಲ. ಆದರೆ ಅವರು ಮತ್ತೆ ಬೇಡವೆನ್ನಲೂ ಇಲ್ಲ. ಪ್ರಿನ್ಸಿಪಾಲರು ಸಭೆಯನ್ನೊಮ್ಮೆ ನೋಡಿ, ಪಾಠ ತಪ್ಪದಂತೆ ಶನಿವಾರದ ಕೂಟ ನಡೆಯಲಿ, ರೈಲಿನಲ್ಲಿ ಕಾಟ ಕೊಡುವವರ ಹೆಸರು ತನಗೆ ಬರಲಿ ಎಂದರು.

ಸ್ಟೇಷನ್ನಿನ ಬೆಂಚಿನ ಮೇಲೆ ಕೂತಾಗ ಕೇಳಿದೆ, "ನಿಮಗೆ ಯಾವಾಗ್ ಗೊತ್ತಾಯ್ತು?"

"ಕಂಪನಿ ಬಸ್ಸಲ್ಲಿ ಯಾರೋ ಮಾತಾಡ್ಕೊಂಡು ನಕ್ರು. ಯಾರ್ ಮಗ ಅಂತ ಗೊತ್ತಿದ್ದೇ ನಕ್ರು. ನಾನೇನ್ ಕಿವುಡನಾ?"

"ನಂಗ್ಯಾಕ್ ಹೇಳ್ಲಿಲ್ಲ?"

"ನೀನಾಗ್ಲೇ ಅವರೆಕಾಯಿ ಬಿಟ್ಟಿದ್ದೆ. ಇದನ್ನೂ ಹೇಳಿದ್ರೆ ಅನ್ನಾನೇ ಬಿಟ್ಬಿಡ್ತೀಯ ಅಂತ."

ನಾನು ಅವರಿಂದ ಮುಚ್ಚಿಟ್ಟಿದ್ದೆ, ಅವರು ನನ್ನಿಂದ ಮುಚ್ಚಿಟ್ಟಿದ್ದರು, ಮಗ ಅವರಿಂದ ಮುಚ್ಚಿಟ್ಟಿದ್ದ. ಒಂದೇ ಸೂರಿನ ಕೆಳಗೆ ಮೂವರೂ ಒಬ್ಬರನ್ನೊಬ್ಬರು ಕಾಯುತ್ತಾ ಒಬ್ಬೊಬ್ಬರೇ ಕೂತಿದ್ದೆವು. ಮನೆಗೆ ಹೋದ ಮೇಲೆ ಅವರು ಮಗನಿಗೆ ದೊಡ್ಡ ಮಾತೇನೂ ಆಡಲಿಲ್ಲ. "ಕೂಟ ಇರುತ್ತಂತೆ ಕಣೋ. ನಾನೂ ಹೇಳ್ ಬಂದೆ" ಎಂದು ಕಾಲು ತೊಳೆಯಲು ಹಿತ್ತಲಿಗೆ ಹೋದರು. ನಂದೀಶ ನನ್ನನ್ನು ನೋಡಿದ. ನಾನು ತಲೆಯಾಡಿಸಿದೆ. ಅವನು ಎದ್ದು ಅಪ್ಪನ ಕಾಲಿಗೆ ನೀರು ಹಾಕಲು ಚೊಂಬು ಹಿಡಿದು ಹಿಂದೆಯೇ ಹೋದ. ಹಿತ್ತಲಲ್ಲಿ ಅವರಿಬ್ಬರೂ ಏನು ಮಾತಾಡಿದರೋ, ಮಾತಾಡಿದರೋ ಇಲ್ಲವೋ, ನನಗೆ ಗೊತ್ತಿಲ್ಲ. ನೀರು ಬೀಳುವ ಸದ್ದು ಮಾತ್ರ ಬಹಳ ಹೊತ್ತು ಕೇಳುತ್ತಿತ್ತು.

ಅಷ್ಟೂ ದಿನ ಅವನನ್ನು ಎಬ್ಬಿಸುವುದೇ ನನ್ನ ಬೆಳಗಿನ ಯುದ್ಧವಾಗಿತ್ತು. ಮಾರನೆಯ ದಿನ ಎಬ್ಬಿಸಬಾರದು, ತಾನಾಗಿ ಏಳುವನೋ ನೋಡೋಣ ಎಂದುಕೊಂಡು ದೇವರ ಮುಂದೆ ಕೂತೆ. ಬತ್ತಿ ಹೊಸೆಯುತ್ತಿದ್ದೆ. ಕೋಣೆಯಿಂದ ಬೀರು ತೆಗೆದ ಸದ್ದು, ಏನೋ ಬಿದ್ದ ಸದ್ದು, ಆಮೇಲೆ ಇಡೀ ಬೀದಿಗೆ ಕೇಳುವ ಹಾಗೆ, ನಾನು ಚಳಿಗಾಲದುದ್ದಕ್ಕೂ ಕೇಳದಿದ್ದ ಗಂಟಲು: "ಅಮ್ಮಾ! ನನ್ ಇನ್ನೊಂದ್ ಸಾಕ್ಸ್ ಎಲ್ಲಿಟ್ಟಿದೀಯಮ್ಮಾ? ಮೊದಲ್ನೇ ಟ್ರೈನ್ ಹೋಗ್ಬಿಡುತ್ತೆ, ಕೂಟದೋರ್ ಎಲ್ರೂ ಕಾಯ್ತಿರ್ತಾರೆ!"

ಬತ್ತಿಯನ್ನು ಹಾಗೇ ಬಿಟ್ಟು ಎದ್ದೆ. ದೇವರು ಕಾಯುತ್ತಾನೆ, ರೈಲು ಕಾಯುವುದಿಲ್ಲ.